ಮೂರು ಕೆಲಸದ ಮೇಜಿನ ಒಲೆ: ರಾಕ್ಲೆಟ್, ಗ್ರಿಲ್, ಫೊಂಡ್ಯೂ ಉಪಕರಣವನ್ನು ಮನೆಯಲ್ಲಿ ಸರಿಯಾಗಿ ಬಳಸುವುದು ಹೇಗೆ?

ಬಾಸೆಲ್ ನಿವಾಸಿ ಬರೆದದ್ದು:

ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನಿಂದ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಬಂದು ಎರಡು ವರ್ಷವಾಯಿತು. ಕಳೆದ ಅಕ್ಟೋಬರ್‌ನಲ್ಲಿ ನಾವು ಹೊಸ ಮನೆಗೆ ಬಂದಾಗ ನಮ್ಮ ಯಜಮಾನರ ಸಹೋದ್ಯೋಗಿಗಳು ಸೇರಿ, ಎಂಟು ಜನ ಸುತ್ತ ಕುಳಿತು ಊಟ ಮಾಡಬಹುದಾದ ಒಂದು ವಿದ್ಯುತ್ ಒಲೆಯನ್ನು ಉಡುಗೊರೆಯಾಗಿ ಕೊಟ್ಟರು. ಅದರ ಮೇಲ್ಭಾಗದಲ್ಲಿ ಉಂಗುರದ ಆಕಾರದ ಕಲ್ಲಿನ ಕಾವಲಿ, ನಡುವೆ ಫೊಂಡ್ಯೂ (ಕರಗಿಸಿದ ಚೀಸಿನಲ್ಲಿ ಬ್ರೆಡ್ ತುಂಡುಗಳನ್ನು ಅದ್ದಿ ತಿನ್ನುವ ಊಟ) ಪಾತ್ರೆಯನ್ನು ಕೂರಿಸುವ ಕುಳಿ, ಕಾಯುವ ಸುರುಳಿಯ ಕೆಳಗೆ ರಾಕ್ಲೆಟ್‌ಗಾಗಿ, ಅಂದರೆ ಬೇಯಿಸಿದ ಆಲೂಗಡ್ಡೆಯ ಮೇಲೆ ಸುರಿದುಕೊಳ್ಳುವ ಚೀಸ್ ಕರಗಿಸಲು, ಎಂಟು ಪುಟ್ಟ ಬಾಣಲೆಗಳು ಇವೆ. ಇಲ್ಲಿಯ ಜನರು ಚಳಿಗಾಲ ಬಂತೆಂದರೆ ಈ ಒಲೆಯನ್ನು ಕಪಾಟಿನಿಂದ ಕೆಳಗಿಳಿಸುತ್ತಾರೆ ಎಂದು ಕೇಳಿದ್ದೆ. ಹಾಗಾಗಿ ಸಂತೋಷದಿಂದಲೇ ಮೊದಲ ಭಾನುವಾರ ನಾಲ್ಕು ಜನ ಸ್ನೇಹಿತರನ್ನು ಊಟಕ್ಕೆ ಕರೆದೆ.

ಅಂದು ನಡೆದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಮೂರೂ ಅಡುಗೆಗಳು ಒಟ್ಟಿಗೆ ಆಗುತ್ತಿರುವಂತೆ ತೋರಿಸಿದ್ದರಿಂದ ನಾನೂ ಹಾಗೆಯೇ ಮಾಡಿದೆ. ನಡುವಿನ ಪಾತ್ರೆಗೆ ತುರಿದ ಚೀಸ್ ಮತ್ತು ನೀರು ಹಾಕಿ, ಕಾವಲಿಯ ಮೇಲೆ ದೊಣ್ಣೆ ಮೆಣಸಿನಕಾಯಿ ಹಾಗೂ ಅಣಬೆಯನ್ನು ಹರಡಿ, ಕೆಳಗೆ ಬಾಣಲೆಗಳನ್ನು ಇಟ್ಟು ಸ್ವಿಚ್ ಹಾಕಿದೆ. ನಲವತ್ತು ನಿಮಿಷ ಕಳೆದರೂ ತರಕಾರಿ ಹುರಿಯಲಿಲ್ಲ, ತನ್ನ ನೀರಿನಲ್ಲೇ ಬೆಂದು ಮೆತ್ತಗಾಯಿತು. ಫೊಂಡ್ಯೂ ಪಾತ್ರೆಯಲ್ಲಿ ಎಣ್ಣೆ ಮೇಲೆ ತೇಲಿ, ಚೀಸ್ ಅಡಿಯಲ್ಲಿ ರಬ್ಬರಿನ ಉಂಡೆಯಂತೆ ಗಟ್ಟಿಯಾಯಿತು. ಬಾಣಲೆಗಳಲ್ಲಿನ ಚೀಸ್ ಮಾತ್ರ ಚೆನ್ನಾಗಿ ಕರಗಿತ್ತು. ಊಟ ಮುಗಿದ ಮೇಲೆ, ಇನ್ನೂ ಬಿಸಿಯಿದ್ದ ಕಲ್ಲನ್ನು ನಲ್ಲಿಯ ಕೆಳಗೆ ಹಿಡಿದಾಗ ಟಕ್ ಎಂದು ಸದ್ದಾಗಿ ಕೂದಲೆಳೆಯಷ್ಟು ತೆಳುವಾದ ಒಂದು ಬಿರುಕು ಬಿಟ್ಟಿತು.

ಡಿಸೆಂಬರ್‌ನಲ್ಲಿ ನಮ್ಮ ಅತ್ತೆ ಮಾವ ಮೊದಲ ಬಾರಿಗೆ ಇಲ್ಲಿಗೆ ಬರುತ್ತಿದ್ದಾರೆ. ಅವರಿಬ್ಬರೂ ಶುದ್ಧ ಸಸ್ಯಾಹಾರಿಗಳು, ಮದ್ಯವನ್ನು ಅಡುಗೆಯಲ್ಲಿಯೂ ಬಳಸುವುದಿಲ್ಲ. ಅವರನ್ನು ಈ ಒಲೆಯ ಸುತ್ತ ಕೂರಿಸಿ ಈ ದೇಶದ ಊಟವನ್ನು ಬಡಿಸಬೇಕೆಂಬ ಆಸೆ ನನಗೆ ಬಹಳವಿದೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ಲೆಮಾನ್ ತೀರ ಬರೆದದ್ದು:

ನಾನು ಲೋಸಾನ್‌ನಲ್ಲಿ ಹದಿನೆಂಟು ವರ್ಷಗಳಿಂದ ಇದ್ದೇನೆ. ಈ ಬಗೆಯ ಮೂರು ಒಲೆಗಳು ನನ್ನ ಕೈಯಲ್ಲಿ ಸವೆದಿವೆ. ನಿಮ್ಮ ಒಲೆಯಲ್ಲಿ ದೋಷವಿಲ್ಲ, ನೀವು ಮಾಡಿದ್ದರಲ್ಲಿಯೂ ದೊಡ್ಡ ತಪ್ಪಿಲ್ಲ. ಒಂದು ವಿಷಯ ಮನಸ್ಸಿಗೆ ಬಂದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ: ಈ ಮೂರು ಅಡುಗೆಗಳಿಗೆ ಬೇಕಾದ ಕಾವು ಮೂರು ಬಗೆಯದು, ಆದರೆ ಒಲೆಯಲ್ಲಿರುವ ಸುರುಳಿ ಒಂದೇ.

ರಾಕ್ಲೆಟ್‌ಗೆ ಕಾವು ಮೇಲಿನಿಂದ ಬೀಳಬೇಕು. ಬಾಣಲೆಯಲ್ಲಿಟ್ಟ ಚೀಸಿನ ಮೇಲ್ಮೈ ಮೊದಲು ಕರಗಿ, ಗುಳ್ಳೆಯೆದ್ದು, ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗುವುದು ಹಾಗೆಯೇ. ಗ್ರಿಲ್‌ಗೆ ಬೇಕಾದದ್ದು ಕೆಳಗಿನಿಂದ ಬರುವ ಜೋರು ಕಾವು. ಫೊಂಡ್ಯೂಗೆ ಕೆಳಗಿನಿಂದಲೇ, ಆದರೆ ಮಂದವಾದ, ಏರಿಳಿತವಿಲ್ಲದ ಕಾವು ಬೇಕು. ನಿಮ್ಮ ಉಪಕರಣದ ಸುರುಳಿ ತನ್ನ ಮೇಲಿರುವ ಕಲ್ಲನ್ನೂ ಕೆಳಗಿರುವ ಬಾಣಲೆಗಳನ್ನೂ ಏಕಕಾಲಕ್ಕೆ ಕಾಯಿಸುತ್ತದೆ, ಆದ್ದರಿಂದ ರಾಕ್ಲೆಟ್ ಮತ್ತು ಗ್ರಿಲ್ ಜೋಡಿಯಾಗಿ ನಡೆಯುತ್ತವೆ. ನಡುವಿನ ಕುಳಿಗೆ ಬರುವುದು ಅಂಚಿನಿಂದ ಸೋರಿದ ಕಾವು ಮಾತ್ರ. ಮಾಡಿಟ್ಟ ಫೊಂಡ್ಯೂ ಬಿಸಿಯಾಗಿ ಉಳಿಯಲು ಅಷ್ಟು ಸಾಕು, ಹಸಿ ಚೀಸಿನಿಂದ ಅಲ್ಲೇ ಫೊಂಡ್ಯೂ ಮಾಡಲು ಸಾಲದು. ಫೊಂಡ್ಯೂವನ್ನು ಅಡುಗೆಮನೆಯ ಒಲೆಯ ಮೇಲೆ ಮುಗಿಸಿ, ನಂತರ ಮೇಜಿಗೆ ತಂದಿಡಿ. ಅಡುಗೆಮನೆಯಲ್ಲಿ ಇಂಡಕ್ಷನ್ ಒಲೆಯಿದ್ದರೆ ಮಣ್ಣಿನ ಕಾಕ್ಲೋನ್ ಪಾತ್ರೆ ಅದರ ಮೇಲೆ ಕಾಯುವುದಿಲ್ಲ, ಎನಾಮೆಲ್ ಲೇಪಿಸಿದ ಬೀಡುಕಬ್ಬಿಣದ ಪಾತ್ರೆ ಬೇಕಾಗುತ್ತದೆ.

ನನ್ನ ಅನುಭವದಲ್ಲಿ ಒಂದು ಸಂಜೆಗೆ ಫೊಂಡ್ಯೂ ಅಥವಾ ರಾಕ್ಲೆಟ್, ಎರಡರಲ್ಲಿ ಒಂದೇ ಸಾಕು. ಇಲ್ಲಿಯ ಮನೆಗಳಲ್ಲಿ ಎರಡನ್ನೂ ಒಂದೇ ಊಟಕ್ಕೆ ಇಡುವುದನ್ನು ನಾನು ಕಂಡಿಲ್ಲ. ಎರಡೂ ಹೊಟ್ಟೆ ತುಂಬುವ ಪೂರ್ಣ ಊಟಗಳೇ ಆಗಿರುವುದರಿಂದ ಅದು ಅಗತ್ಯವೂ ಅಲ್ಲ.

ಇನ್ನು ಕಲ್ಲಿನ ವಿಚಾರ. ನಮ್ಮ ಅಜ್ಜಿ ಬಳಪದ ಕಲ್ಲಿನ ಪಾತ್ರೆಯನ್ನು ಹೇಗೆ ಪಳಗಿಸುತ್ತಿದ್ದರೋ ಇದನ್ನೂ ಹಾಗೆಯೇ ಪಳಗಿಸಬೇಕು. ಮೊದಲು ತೊಳೆದು ಪೂರ್ತಿ ಒಣಗಿಸಿ, ತೆಳುವಾಗಿ ಎಣ್ಣೆ ಸವರಿ, ಮೊದಲ ಬಾರಿ ಮೇಲೇನೂ ಇಡದೆ ನಿಧಾನವಾಗಿ ಕಾಯಿಸಿ, ಒಲೆಯ ಮೇಲೆಯೇ ಆರಲು ಬಿಡಬೇಕು. ಪ್ರತಿ ಬಾರಿಯೂ ಅರ್ಧ ಗಂಟೆ ಮುಂಚಿತವಾಗಿ ಒಲೆ ಹಚ್ಚಬೇಕು, ಏಕೆಂದರೆ ಕಲ್ಲು ಕಾವನ್ನು ತಡವಾಗಿ ಹೀರಿಕೊಂಡು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಮೆಣಸಿನಕಾಯಿ ಹುರಿಯದೆ ಬೆಂದದ್ದು ತಣ್ಣಗಿನ ಕಲ್ಲಿನ ಮೇಲೆ ಇಟ್ಟಿದ್ದರಿಂದ. ಒಂದು ಹನಿ ನೀರು ಚಿಮುಕಿಸಿದರೆ ಅದು ಚುಂಯ್ ಎಂದು ಓಡಾಡಿ ಆರಬೇಕು, ದೋಸೆ ಕಾವಲಿಯನ್ನು ನೋಡುವ ಹಾಗೆಯೇ. ಬಿಸಿ ಕಲ್ಲಿಗೆ ಹನಿಗಿಂತ ಹೆಚ್ಚು ನೀರನ್ನು ಎಂದೂ ತಾಗಿಸಬೇಡಿ. ಕೂದಲೆಳೆಯ ಬಿರುಕುಗಳು ನೈಸರ್ಗಿಕ ಕಲ್ಲಿನಲ್ಲಿ ಬರುವುದುಂಟು, ಆದರೆ ಬೆರಳಿನ ಉಗುರು ಸಿಕ್ಕಿಕೊಳ್ಳುವಷ್ಟು ಅಗಲವಾಗಿದ್ದರೆ ಅಥವಾ ಬಿರುಕು ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಹೋಗಿದ್ದರೆ ಆ ಕಲ್ಲನ್ನು ಬದಲಾಯಿಸಿ. ಕೆಳಗೆ ಕಾದ ಸುರುಳಿಯಿರುತ್ತದೆ, ಸುತ್ತ ಜನ ಕುಳಿತಿರುತ್ತಾರೆ.

ಕಣಿವೆಯ ಹಾದಿ ಬರೆದದ್ದು:

ನಾನು ಸ್ವಿಟ್ಜರ್ಲೆಂಡಿನ ವಾಲೇ ಕ್ಯಾಂಟನ್ನಿನ (ಪ್ರಾಂತ್ಯದ) ಸಿಯೋನ್ ಊರಿನವನನ್ನೇ ಮದುವೆಯಾಗಿ ಇಲ್ಲಿ ನೆಲೆಸಿದ ಧಾರವಾಡದವಳು. ರಾಕ್ಲೆಟ್ ಹುಟ್ಟಿದ ಸೀಮೆ ಇದೇ ಆದ್ದರಿಂದ ಒಂದೆರಡು ಮಾತು ಹೇಳುತ್ತೇನೆ.

ರಾಕ್ಲೆಟ್ ಎಂಬ ಹೆಸರು ಫ್ರೆಂಚ್ ಭಾಷೆಯ ಕೆರೆಯುವುದು ಎಂಬ ಕ್ರಿಯಾಪದದಿಂದ ಬಂದಿದೆ. ಚೀಸಿನ ಗಾಲಿಯನ್ನು ಎರಡು ಹೋಳು ಮಾಡಿ, ಕೊಯ್ದ ಮುಖವನ್ನು ಬೆಂಕಿಗೆ ಹಿಡಿದು, ಕರಗಿದ ಪದರವನ್ನು ಚಾಕುವಿನ ಬೆನ್ನಿನಿಂದ ತಟ್ಟೆಗೆ ಕೆರೆದು ಹಾಕುವುದು ಇದರ ಮೂಲ ರೀತಿ. ನಮ್ಮ ಮಾವನವರು ಈಗಲೂ ಹಾಗೆಯೇ ಮಾಡುತ್ತಾರೆ. ಗಾಲಿಯ ಹೋಳನ್ನು ತನ್ನದೇ ತೋಳಿನ ಮೇಲೆ ಹಿಡಿದು ಮೇಲಿನಿಂದ ಕಾಯಿಸುವ ಬೇರೆಯ ಯಂತ್ರ ಅವರ ಬಳಿಯಿದೆ. ಒಂದೊಂದು ತಟ್ಟೆಯನ್ನೂ ತಾವೇ ತುಂಬಿಸಿ ಕೊಡುತ್ತಾ, ಕೊನೆಯ ತಟ್ಟೆ ಮಾತ್ರ ತಮಗೆ ಎಂದು ಅವರು ಸಂಜೆಯಿಡೀ ನಿಂತೇ ಇರುತ್ತಾರೆ. ನಿಮ್ಮ ಮೇಜಿನ ಒಲೆಯ ದೊಡ್ಡ ಗುಣವೆಂದರೆ ಹೀಗೆ ನಿಂತು ಬಡಿಸುವವರು ಯಾರೂ ಬೇಕಾಗುವುದಿಲ್ಲ, ಅಡುಗೆ ಮಾಡಿದವರೂ ಎಲ್ಲರ ಜೊತೆ ಕುಳಿತು ಉಣ್ಣಬಹುದು. ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಇದು ಎಷ್ಟು ದೊಡ್ಡ ಮಾತು ಎಂಬುದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

ಅಂಗಡಿಯಲ್ಲಿ ರಾಕ್ಲೆಟ್ ಎಂಬ ಹೆಸರಿನ ಚೀಸ್ ಹತ್ತಾರು ಬಗೆಯಲ್ಲಿ ಸಿಗುತ್ತದೆ. ಆ ಹೆಸರಿಗೆ ಮಾತ್ರ ರಕ್ಷಣೆಯಿಲ್ಲ, ರಕ್ಷಣೆಯಿರುವುದು ರಾಕ್ಲೆಟ್ ದ್ಯು ವಾಲೇ ಎಂಬ ಪೂರ್ಣ ಹೆಸರಿಗೆ. ಅದನ್ನು ಈ ಕ್ಯಾಂಟನ್ನಿನಲ್ಲಿಯೇ, ಕಾಯಿಸದ ಹಸುವಿನ ಹಾಲಿನಿಂದ ಮಾಡುತ್ತಾರೆ. ಒಂದು ಗಾಲಿ ಸುಮಾರು 5 ಕಿಲೋ ತೂಗುತ್ತದೆ, ಕನಿಷ್ಠ 3 ತಿಂಗಳು ಮಾಗಿರಬೇಕು, ಗಾಲಿಯ ಪಕ್ಕದಲ್ಲಿ ಅದನ್ನು ಮಾಡಿದ ಸ್ಥಳದ ಹೆಸರು ಅಚ್ಚೊತ್ತಿರುತ್ತದೆ. ಒಬ್ಬರಿಗೆ 200ರಿಂದ 250 ಗ್ರಾಂ ಚೀಸ್ ಲೆಕ್ಕ ಹಾಕುತ್ತಾರೆ, ಆದರೆ ನಮ್ಮವರಿಗೆ, ವಿಶೇಷವಾಗಿ ಹಿರಿಯರಿಗೆ, 120 ಗ್ರಾಂ ಧಾರಾಳವಾಯಿತು ಎಂಬುದನ್ನು ನನ್ನ ತಂದೆ ತಾಯಿ ಬಂದಾಗ ಕಂಡುಕೊಂಡೆ. ಚೀಸನ್ನು ಅರ್ಧ ಸೆಂಟಿಮೀಟರಿಗಿಂತ ತುಸು ದಪ್ಪವಾಗಿ ಕೊಯ್ಯಿರಿ. ತೀರ ತೆಳುವಾದರೆ ಒಣಗಿ ಕರಕಲಾಗುತ್ತದೆ, ದಪ್ಪವಾದರೆ ಉಬ್ಬಿ ಸುರುಳಿಗೆ ತಾಗಿ ಹೊಗೆಯೇಳುತ್ತದೆ.

ಆಲೂಗಡ್ಡೆಯನ್ನು ಸಿಪ್ಪೆಯ ಸಮೇತ ಬೇಯಿಸಿ, ಬಟ್ಟೆ ಹಾಸಿದ ಬುಟ್ಟಿಯಲ್ಲಿ ಮುಚ್ಚಿಡಬೇಕು. ಇಲ್ಲಿಯ ಅಂಗಡಿಗಳಲ್ಲಿ ಹಸಿರು ಗುರುತಿನ ಚೀಲದ ಆಲೂಗಡ್ಡೆ ಬೆಂದರೂ ಒಡೆಯದೆ ಗಟ್ಟಿಯಾಗಿರುವ ಜಾತಿಯದು, ಅದನ್ನೇ ತನ್ನಿ. ನೀಲಿ ಗುರುತಿನದು ಹಿಟ್ಟಾಗುತ್ತದೆ, ಪಲ್ಯಕ್ಕೆ ಒಳ್ಳೆಯದು. ಕರಗಿದ ಚೀಸನ್ನು ಆಲೂಗಡ್ಡೆಯ ಮೇಲೆ ತಟ್ಟೆಯಲ್ಲಿ ಸುರಿದುಕೊಳ್ಳಬೇಕೇ ಹೊರತು ಆಲೂಗಡ್ಡೆಯನ್ನೇ ಬಾಣಲೆಯಲ್ಲಿ ತುಂಬಿ ಒಳಗೆ ತಳ್ಳಬಾರದು. ಹಾಗೆ ತುಂಬಿದರೂ ಚೀಸ್ ಸುರುಳಿಗೆ ತಾಗುತ್ತದೆ.

ಬಾಸೆಲ್ ನಿವಾಸಿ ಬರೆದದ್ದು:

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಬಿರುಕಿನ ಮೇಲೆ ಉಗುರು ಎಳೆದು ನೋಡಿದೆ, ಸಿಕ್ಕಿಕೊಳ್ಳುವುದಿಲ್ಲ. ಕಲ್ಲಿನ ಅಂಚಿಗೂ ಅದು ತಲುಪಿಲ್ಲ.

ಆದರೆ ನಿನ್ನೆ ಒಬ್ಬ ಪರಿಚಿತರು ಹೇಳಿದ ಮಾತು ನನ್ನನ್ನು ಚಿಂತೆಗೆ ಹಚ್ಚಿದೆ. ಸ್ವಿಸ್ ಚೀಸಿನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ಪದಾರ್ಥ ಬಳಸುತ್ತಾರಂತೆ. ಇದು ನಿಜವಾದರೆ ಅತ್ತೆ ಮಾವನವರಿಗೆ ತಿಳಿಸದೆ ಬಡಿಸಲು ನನ್ನಿಂದ ಸಾಧ್ಯವಿಲ್ಲ.

ಆಹಾರ ವಿಜ್ಞಾನ ಬರೆದದ್ದು:

ನಾನು ಮೈಸೂರಿನ ಸಿಎಫ್‌ಟಿಆರ್‌ಐನಲ್ಲಿ ಆಹಾರ ತಂತ್ರಜ್ಞಾನವನ್ನು ಓದಿ, ಹಾಲಿನ ಉತ್ಪನ್ನಗಳ ಕ್ಷೇತ್ರದಲ್ಲಿಯೇ ಕೆಲಸ ಮಾಡಿದವನು. ತಾವು ಕೇಳಿದ ಮಾತು ನಿಜ. ಹಾಲನ್ನು ಗಟ್ಟಿಯಾಗಿಸಲು ರೆನೆಟ್ ಎಂಬ ಕಿಣ್ವವನ್ನು ಬಳಸುತ್ತಾರೆ, ಸಾಂಪ್ರದಾಯಿಕವಾಗಿ ಅದನ್ನು ಎಳೆಗರುವಿನ ಜಠರದಿಂದ ತೆಗೆಯುತ್ತಾರೆ. ಗ್ರುಯೇರ್ ಮೊದಲಾದ ಸಂರಕ್ಷಿತ ಹೆಸರಿನ ಸ್ವಿಸ್ ಚೀಸುಗಳಲ್ಲಿ ಬಳಕೆಯಾಗುವುದು ಇದೇ. ಆದರೆ ಅಣುಜೀವಿಗಳಿಂದ ಪಡೆದ ರೆನೆಟ್ ಬಳಸಿ ಮಾಡಿದ ರಾಕ್ಲೆಟ್ ಚೀಸ್ ಕೂಡ ಸ್ವಿಸ್ ಮಾರುಕಟ್ಟೆಯಲ್ಲಿ ಸಿಗುತ್ತದೆ. ಜರ್ಮನ್ ಭಾಷೆಯ ಪದಾರ್ಥಪಟ್ಟಿಯಲ್ಲಿ ಲಾಬ್ ಎಂದಷ್ಟೇ ಇದ್ದರೆ ಪ್ರಾಣಿಮೂಲದ್ದು ಎಂದೇ ಭಾವಿಸುವುದು ಕ್ಷೇಮ, ಮಿಕ್ರೊಬಿಯೆಲ್ಲೆಸ್ ಲಾಬ್ ಎಂದಿದ್ದರೆ ಅಣುಜೀವಿಗಳದ್ದು. ಫ್ರೆಂಚ್ ಪಟ್ಟಿಯಲ್ಲಿ ಪ್ರೆಸ್ಯೂರ್ ಎಂಬ ಪದವನ್ನು ಹುಡುಕಬೇಕು. ಹಳದಿ ಬಣ್ಣದ ವಿ ಗುರುತಿನ ಸಸ್ಯಾಹಾರಿ ಮುದ್ರೆಯಿದ್ದರೆ ಸಂಶಯಕ್ಕೆ ಎಡೆಯಿಲ್ಲ. ಚೀಸ್ ಮಾಡುವವರೇ ಮಾರುವ ಅಂಗಡಿಗೆ ಹೋದರೆ ನೇರವಾಗಿ ಕೇಳಿ, ಅವರಿಗೆ ಈ ಪ್ರಶ್ನೆ ಹೊಸದಲ್ಲ.

ಫೊಂಡ್ಯೂ ಒಡೆದುಹೋದದ್ದಕ್ಕೂ ಕಾರಣವಿದೆ. ಚೀಸ್ ಎಂದರೆ ಕೇಸೀನ್ ಎಂಬ ಪ್ರೋಟೀನಿನ ಬಲೆ, ಆ ಬಲೆಯನ್ನು ಕ್ಯಾಲ್ಸಿಯಂ ಬಿಗಿದು ಹಿಡಿದಿರುತ್ತದೆ, ಒಳಗೆ ಕೊಬ್ಬು ಮತ್ತು ನೀರು ಸಿಕ್ಕಿಕೊಂಡಿರುತ್ತವೆ. ಕಾವು ಹೆಚ್ಚಾದಾಗ ಅಥವಾ ಬಹಳ ಹೊತ್ತು ಕಾಯಿಸಿದಾಗ ಬಲೆ ಕುಗ್ಗಿ ಉಂಡೆಯಾಗುತ್ತದೆ, ಕೊಬ್ಬು ಹೊರಗೆ ಸೋರುತ್ತದೆ. ಇದನ್ನು ತಡೆಯಲು ಫೊಂಡ್ಯೂವಿನಲ್ಲಿ ಎರಡು ಉಪಾಯಗಳಿವೆ. ಬಿಳಿ ವೈನಿನಲ್ಲಿರುವ ಟಾರ್ಟಾರಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಬಲೆಯಿಂದ ಬಿಡಿಸಿ ತನ್ನೊಡನೆ ಕಟ್ಟಿಕೊಳ್ಳುತ್ತದೆ, ಬಲೆ ಸಡಿಲವಾಗಿ ಹರಿಯುವಂತಾಗುತ್ತದೆ. ಪಿಷ್ಟವು ದ್ರವವನ್ನು ಮಂದಗೊಳಿಸಿ, ಪ್ರೋಟೀನುಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ನಡುವೆ ನಿಲ್ಲುತ್ತದೆ. ಜ್ಯೂರಿಕ್‌ನ 1699ರ ಒಂದು ಅಡುಗೆ ಹಸ್ತಪ್ರತಿಯಲ್ಲಿಯೇ ಚೀಸನ್ನು ವೈನಿನೊಡನೆ ಕುದಿಸುವ ವಿಧಾನವಿದೆ. ತಾವು ನೀರು ಹಾಕಿದಿರಿ, ಆಮ್ಲವನ್ನೂ ಪಿಷ್ಟವನ್ನೂ ಹಾಕಲಿಲ್ಲ, ಆದ್ದರಿಂದ ಅದು ಒಡೆಯಿತು.

ವೈನ್ ಬೇಡವೆಂದರೆ ನಿಂಬೆರಸದ ಸಿಟ್ರಿಕ್ ಆಮ್ಲ ಅದೇ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಕಾದ ಫೊಂಡ್ಯೂವಿನಿಂದ ಮದ್ಯಸಾರ ಪೂರ್ತಿ ಆವಿಯಾಗಿ ಹೋಗುತ್ತದೆಂಬ ನಂಬಿಕೆ ಸರಿಯಲ್ಲ, ಸ್ವಲ್ಪ ಉಳಿದೇ ಉಳಿಯುತ್ತದೆ, ಹಾಗಾಗಿ ಹಿರಿಯರಿಗೆ ವೈನ್ ಇಲ್ಲದ ಫೊಂಡ್ಯೂ ಮಾಡುವುದೇ ಸರಿ. 400 ಗ್ರಾಂ ತುರಿದ ಚೀಸಿಗೆ ಎರಡು ಟೀ ಚಮಚ ಕಾರ್ನ್‌ಫ್ಲೋರ್ ಬೆರೆಸಿಡಿ. ಪಾತ್ರೆಯ ಒಳಬದಿಗೆ ಬೆಳ್ಳುಳ್ಳಿಯನ್ನು ಉಜ್ಜಿ, ಸುಮಾರು 175 ಮಿಲಿಲೀಟರ್ ತರಕಾರಿ ಬೇಯಿಸಿದ ನೀರು ಮತ್ತು ಒಂದು ದೊಡ್ಡ ಚಮಚ ನಿಂಬೆರಸವನ್ನು ಬಿಸಿ ಮಾಡಿ. ಆವಿಯೇಳುವಾಗ ಚೀಸನ್ನು ಹಿಡಿಹಿಡಿಯಾಗಿ ಹಾಕುತ್ತಾ, ಹಿಂದಿನ ಹಿಡಿ ಕರಗಿದ ಮೇಲೆಯೇ ಮುಂದಿನದನ್ನು ಹಾಕಬೇಕು. ಮರದ ಸೌಟಿನಿಂದ ಎಂಟರ ಅಂಕಿ ಬರೆದಂತೆ ತಿರುವಿದರೆ ಪಾತ್ರೆಯ ನಡುಭಾಗವೂ ಕದಡುತ್ತದೆ. ಕೊತಕೊತ ಕುದಿಸಬೇಡಿ. ಕೊನೆಯಲ್ಲಿ ಕಾಳುಮೆಣಸು, ಜಾಯಿಕಾಯಿ. ಒಂದು ವೇಳೆ ಒಡೆಯುವ ಲಕ್ಷಣ ಕಂಡರೆ ಒಂದು ಚಮಚ ಕಾರ್ನ್‌ಫ್ಲೋರನ್ನು ನಿಂಬೆರಸದಲ್ಲಿ ಕದಡಿ ಸುರಿದು, ಹದವಾದ ಉರಿಯಲ್ಲಿ ಬಿರುಸಾಗಿ ತಿರುವಿ, ಹೆಚ್ಚಿನ ಬಾರಿ ಅದು ಮತ್ತೆ ಕೂಡಿಕೊಳ್ಳುತ್ತದೆ.

ಕಾವಲಿಯ ಮೇಲೆ ಪನೀರನ್ನು ಧೈರ್ಯವಾಗಿ ಇಡಬಹುದು. ಅದನ್ನು ರೆನೆಟ್ ಇಲ್ಲದೆ, ಬಿಸಿ ಹಾಲಿಗೆ ಆಮ್ಲ ಹಾಕಿ ಒಡೆಸಿ ಮಾಡುವುದರಿಂದ ಅದರ ಪ್ರೋಟೀನಿನ ರಚನೆಯೇ ಬೇರೆ. ಎಷ್ಟು ಕಾಯಿಸಿದರೂ ಕರಗಿ ಹರಿಯದೆ, ಹೊರಗೆ ಕಂದಾಗಿ ಒಳಗೆ ಮೆತ್ತಗಿರುತ್ತದೆ.

ಒಬ್ಬ ವೈದ್ಯೆ ಬರೆದದ್ದು:

ಹಿರಿಯರು ಎಂದಿರುವುದರಿಂದ ಎರಡು ಮಾತು ಸೇರಿಸುತ್ತೇನೆ. ಹಾಲು ಕುಡಿದರೆ ಹೊಟ್ಟೆ ಕೆಡುವವರು ತಿಂಗಳುಗಟ್ಟಲೆ ಮಾಗಿದ ಚೀಸಿಗೆ ಸಾಮಾನ್ಯವಾಗಿ ಹೆದರಬೇಕಿಲ್ಲ, ಅದರಲ್ಲಿ ಲ್ಯಾಕ್ಟೋಸ್ ಬಹುತೇಕ ಉಳಿದಿರುವುದಿಲ್ಲ. ಉಪ್ಪಿನ ವಿಷಯದಲ್ಲಿ ಎಚ್ಚರ ಬೇಕು. 100 ಗ್ರಾಂ ರಾಕ್ಲೆಟ್ ಚೀಸಿನಲ್ಲಿ ಸುಮಾರು 2 ಗ್ರಾಂ ಉಪ್ಪಿರುತ್ತದೆ, ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಅಂದಿನ ಉಳಿದ ಊಟದಲ್ಲಿ ಉಪ್ಪು, ಉಪ್ಪಿನಕಾಯಿ, ಹಪ್ಪಳಗಳನ್ನು ಕಡಿಮೆ ಮಾಡಿ.

ಫೊಂಡ್ಯೂ ಜೊತೆ ತಣ್ಣೀರು ಕುಡಿದರೆ ಚೀಸ್ ಹೊಟ್ಟೆಯಲ್ಲಿ ಉಂಡೆಗಟ್ಟುತ್ತದೆ, ವೈನ್ ಅಥವಾ ಬಿಸಿ ಚಹಾ ಮಾತ್ರ ಕುಡಿಯಬೇಕು ಎಂದು ಇಲ್ಲಿಯವರು ಹೇಳುತ್ತಾರೆ. ಜ್ಯೂರಿಕ್‌ನಲ್ಲಿ 20 ಜನ ಆರೋಗ್ಯವಂತರ ಮೇಲೆ ನಡೆದು 2010ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಒಂದು ಅಧ್ಯಯನವು ವೈನ್ ಮತ್ತು ಚಹಾವನ್ನು ಹೋಲಿಸಿತು. ವೈನ್ ಕುಡಿದವರ ಜಠರ ಚಹಾ ಕುಡಿದವರದಕ್ಕಿಂತ ನಿಧಾನವಾಗಿ ಖಾಲಿಯಾಯಿತು. ನಿಮ್ಮ ಅತ್ತೆ ಮಾವನವರಿಗೆ ಬಿಸಿ ಚಹಾ ಕೊಡಿ.

ವಿದ್ಯುತ್ ಮಿತ್ರ ಬರೆದದ್ದು:

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ವಿದೇಶದಿಂದ ಬಂದ ಮಕ್ಕಳು ಈ ಒಲೆಯನ್ನು ತಂದೆ ತಾಯಿಗೆ ತಂದುಕೊಡುವುದು ಈಚೆಗೆ ಹೆಚ್ಚಾಗಿದೆ, ಆದ್ದರಿಂದ ಇದು ಇಲ್ಲಿಯ ಓದುಗರಿಗೂ ಬೇಕಾದ ಮಾತು. ಎರಡೂ ದೇಶಗಳಲ್ಲಿ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್ ಆಗಿರುವುದರಿಂದ ಉಪಕರಣ ನಡೆಯುತ್ತದೆ. ತೊಂದರೆಯಿರುವುದು ಪ್ಲಗ್ಗಿನಲ್ಲಿ. ಎಂಟು ಜನರ ಒಲೆಗಳು ಸಾಮಾನ್ಯವಾಗಿ 1200ರಿಂದ 1500 ವ್ಯಾಟ್ ಎಳೆಯುತ್ತವೆ, ನಮ್ಮ 6 ಆಂಪಿಯರ್ ಸಾಕೆಟ್ಟಿನ ಮಿತಿ 1380 ವ್ಯಾಟ್. ಸ್ವಿಸ್ ಪ್ಲಗ್ಗಿನ ಕಡ್ಡಿಗಳು 4 ಮಿಲಿಮೀಟರ್ ದಪ್ಪದವು, ನಮ್ಮ ಸಾಕೆಟ್ಟಿನಲ್ಲಿ ಅವು ಸಡಿಲವಾಗಿ ಕೂರುತ್ತವೆ. ಸಡಿಲವಾದ ಸಂಪರ್ಕದಲ್ಲಿ ಎರಡು ಗಂಟೆ ಕಾಲ ಆರು ಆಂಪಿಯರ್ ಹರಿದರೆ ಸಾಕೆಟ್ ಕರಗಬಹುದು. ಅಗ್ಗದ ಅಡಾಪ್ಟರುಗಳಲ್ಲಿ ಭೂಸಂಪರ್ಕವೂ ತಪ್ಪಿಹೋಗುತ್ತದೆ. ಎಲೆಕ್ಟ್ರಿಷಿಯನ್‌ರಿಂದ 16 ಆಂಪಿಯರಿನ ಮೂರು ಪಿನ್ನಿನ ಪ್ಲಗ್ ಹಾಕಿಸಿ, ಅಡುಗೆಮನೆಯ ಪವರ್ ಸಾಕೆಟ್ಟಿನಲ್ಲಿಯೇ ಬಳಸಿ. ಕರೆಂಟ್ ಹೋದಾಗ ಯುಪಿಎಸ್ ಮೇಲೆ ಇದನ್ನು ನಡೆಸಬೇಡಿ.

ಬಾಸೆಲ್‌ನಲ್ಲಿರುವ ಅಕ್ಕನವರಿಗೂ ಒಂದು ಮಾತು. ಹಳೆಯ ಮನೆಗಳಲ್ಲಿ ಒಂದು ಸಾಲಿನ ಸಾಕೆಟ್ಟುಗಳಿಗೆಲ್ಲ ಸೇರಿ 10 ಆಂಪಿಯರಿನ ಒಂದೇ ಫ್ಯೂಸ್ ಇರುತ್ತದೆ, ಅಂದರೆ 2300 ವ್ಯಾಟ್. ಒಲೆ ಉರಿಯುತ್ತಿರುವಾಗ ಅದೇ ಸಾಲಿನಲ್ಲಿ ಚಹಾಕ್ಕೆ ಕೆಟಲ್ ಹಾಕಿದರೆ ಆ ಫ್ಯೂಸ್ ಹಾರಿಹೋಗುತ್ತದೆ. ತಂತಿ ನಡೆದಾಡುವ ದಾರಿಯಲ್ಲಿ ತೂಗುಬೀಳದಂತೆ ಮೇಜಿನ ಕಾಲಿಗೆ ಕಟ್ಟಿ. ಮಗುವಿನ ಕಾಲು ತಂತಿಗೆ ಸಿಕ್ಕರೆ ಇಡೀ ಒಲೆಯೇ ಕೆಳಗೆ ಬರುತ್ತದೆ.

ಲೆಮಾನ್ ತೀರ ಬರೆದದ್ದು:

ಸುರಕ್ಷತೆಯ ಮಾತು ಬಂದದ್ದು ಒಳ್ಳೆಯದಾಯಿತು. ಫೊಂಡ್ಯೂ ಪಾತ್ರೆಯಲ್ಲಿ ಎಣ್ಣೆ ಕಾಯಿಸಿ ತುಂಡುಗಳನ್ನು ಕರಿಯುವ ಬಗೆಯೂ ಒಂದಿದೆ. ಅದನ್ನು ಈ ಸಂಯುಕ್ತ ಒಲೆಯಲ್ಲಿ ಮಾಡಬೇಡಿ. ಕರಿಯಲು ಬೇಕಾದ 180 ಡಿಗ್ರಿ ಇದರಲ್ಲಿ ಬರುವುದಿಲ್ಲ, ಮೇಜಿನ ನಡುವೆ ಅಷ್ಟು ಎಣ್ಣೆ ಇರುವುದೇ ಅಪಾಯ. ಖಾಲಿ ಬಾಣಲೆಯನ್ನು ಸುರುಳಿಯ ಕೆಳಗೆ ಬಿಡಬೇಡಿ, ಅಂಟದ ಲೇಪನ 260 ಡಿಗ್ರಿ ದಾಟಿದರೆ ಕೆಡಲು ಆರಂಭಿಸುತ್ತದೆ. ಮನೆಯಲ್ಲಿ ಗಿಳಿ ಅಥವಾ ಬೇರೆ ಪಕ್ಷಿ ಸಾಕಿದ್ದರೆ ಒಲೆಯನ್ನು ಅವುಗಳಿಂದ ದೂರದ ಕೋಣೆಯಲ್ಲಿ ಇಡಿ, ಹಾಗೆ ಕೆಟ್ಟ ಲೇಪನದಿಂದ ಏಳುವ ಹೊಗೆ ಪಕ್ಷಿಗಳ ಪ್ರಾಣಕ್ಕೇ ಕುತ್ತು. ಕೆರೆಯಲು ಮರದ ಪುಟ್ಟ ಸೌಟುಗಳನ್ನಷ್ಟೇ ಬಳಸಿ, ಚಮಚದ ಒಂದೇ ಗೀರು ಬಾಣಲೆಯನ್ನು ಹಾಳುಮಾಡುತ್ತದೆ.

ಮಾಂಸ ತಿನ್ನುವವರೂ ತಿನ್ನದವರೂ ಒಂದೇ ಮೇಜಿನಲ್ಲಿದ್ದರೆ ಕಾವಲಿಯ ಅರ್ಧ ಭಾಗ ನಿಮಗೆ, ಅರ್ಧ ನಮಗೆ ಎಂಬ ಹಂಚಿಕೆ ಕೆಲಸಕ್ಕೆ ಬರುವುದಿಲ್ಲ. ಕೊಬ್ಬು ಹರಿದು ಈ ಕಡೆಗೂ ಬಂದೇ ಬರುತ್ತದೆ. ಆ ಸಂಜೆ ಕಾವಲಿಯ ಮೇಲೆ ತರಕಾರಿ ಮಾತ್ರ ಎಂದು ಮೊದಲೇ ಹೇಳಿಬಿಡಿ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ತೆಂಗಿನ ಸೀಮೆ ಬರೆದದ್ದು:

ನಾನು ತುಮಕೂರು ಜಿಲ್ಲೆಯ ರೈತ. ಮಗಳು ಜಿನೀವಾದಲ್ಲಿ ಓದುತ್ತಿದ್ದಾಳೆ, ಅವಳು ಕಳುಹಿಸಿದ ಕೊಂಡಿಯಿಂದ ಈ ಚರ್ಚೆಯನ್ನು ಪೂರ್ತಿ ಓದಿದೆ. ಈ ಊಟದ ಜೊತೆ ವಿನೆಗರ್‌ನಲ್ಲಿ ನೆನೆಸಿದ ಪುಟ್ಟ ಸೌತೆಕಾಯಿಗಳನ್ನು ತಪ್ಪದೆ ಇಡುತ್ತಾರೆಂದು ಅವಳು ಹೇಳಿದಳು. ನಾವು ಅದನ್ನು ಮಿಡಿಸೌತೆ ಎನ್ನುತ್ತೇವೆ. ನಮ್ಮ ದೇಶದಲ್ಲಿ ರಫ್ತಿಗಾಗಿ ಇದರ ಬೇಸಾಯ ಮೊದಲಾದದ್ದು 1990ರ ದಶಕದ ಆರಂಭದಲ್ಲಿ, ಅದೂ ನಮ್ಮ ಕರ್ನಾಟಕದಲ್ಲಿಯೇ. ನಂತರ ತಮಿಳುನಾಡು, ಆಂಧ್ರಕ್ಕೆ ಹರಡಿತು. ಕಂಪನಿಗಳು ಬೀಜ, ಗೊಬ್ಬರ ಕೊಟ್ಟು, ಬೆಲೆಯನ್ನು ಮೊದಲೇ ಗೊತ್ತುಮಾಡಿ ಒಪ್ಪಂದದ ಮೇಲೆ ಬೆಳೆಸುತ್ತವೆ. ಬಿತ್ತಿದ ಒಂದು ತಿಂಗಳು ದಾಟುತ್ತಿದ್ದಂತೆ ಕೊಯ್ಲು ಮೊದಲಾಗುತ್ತದೆ, ಆಮೇಲೆ ದಿನವೂ ಕೊಯ್ಯಲೇಬೇಕು. ಬೆರಳಿನಷ್ಟಿರುವ ಮಿಡಿಗೆ ಒಳ್ಳೆಯ ಬೆಲೆ, ಒಂದು ದಿನ ಬಿಟ್ಟರೆ ಅದು ದಪ್ಪವಾಗಿ ಕೆಳಗಿನ ದರ್ಜೆಗೆ ಇಳಿಯುತ್ತದೆ. ಆದ್ದರಿಂದ ನಮ್ಮ ಮನೆಯವರು ಇಬ್ಬನಿಯಲ್ಲೇ ಹೊಲಕ್ಕೆ ಇಳಿಯುತ್ತಾರೆ.

ನೀವು ತರುವ ಬಾಟಲಿಯ ಹಿಂದೆ ಬೆಳೆದ ದೇಶದ ಹೆಸರಿದ್ದರೆ ಒಮ್ಮೆ ನೋಡಿ, ತಾಯಿ. ಭಾರತ ಎಂದು ಇರಲೂಬಹುದು.

ಕಣಿವೆಯ ಹಾದಿ ಬರೆದದ್ದು:

ಈ ಮಾತನ್ನು ಓದಿದ ಕೂಡಲೇ ಎದ್ದು ಹೋಗಿ ನಮ್ಮ ಕಪಾಟಿನಲ್ಲಿದ್ದ ಬಾಟಲಿಯನ್ನು ತಿರುಗಿಸಿ ನೋಡಿದೆ. ಭಾರತ ಎಂದೇ ಇದೆ. ಹನ್ನೊಂದು ವರ್ಷಗಳಿಂದ ಈ ಮೇಜಿನ ಮೇಲೆ ಅದನ್ನು ಇಡುತ್ತಿದ್ದೇನೆ, ಒಮ್ಮೆಯೂ ಹಿಂಬದಿಯನ್ನು ಓದಿರಲಿಲ್ಲ. ನಮ್ಮ ಮಾವನವರಿಗೂ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿ, ಬಾಟಲಿಯನ್ನು ಊಟದ ಮೇಜಿನ ನಡುವೆ ಇಟ್ಟರು.

ಬಾಸೆಲ್ ನಿವಾಸಿ ಬರೆದದ್ದು:

ಅತ್ತೆ ಮಾವ ಬಂದು ಮೂರು ವಾರವಾಯಿತು. ನಡೆದದ್ದನ್ನು ತಮಗೆಲ್ಲ ತಿಳಿಸುವುದು ನನ್ನ ಕರ್ತವ್ಯ.

ವಿ ಮುದ್ರೆಯಿದ್ದ ರಾಕ್ಲೆಟ್ ಚೀಸನ್ನೇ ಹುಡುಕಿ ತಂದೆ. ಮಾವನವರಿಗೆ ರೆನೆಟ್ ವಿಷಯವನ್ನು ಮೊದಲೇ ವಿವರಿಸಿ, ಪೊಟ್ಟಣವನ್ನು ಅವರ ಕೈಗೇ ಕೊಟ್ಟೆ. ಅವರು ನಿಧಾನವಾಗಿ ನೋಡಿ ಸರಿ ಎಂದ ಮೇಲೆಯೇ ಒಲೆ ಹಚ್ಚಿದ್ದು. ನಡುವಿನ ಫೊಂಡ್ಯೂ ಪಾತ್ರೆಯನ್ನು ಅಂದು ಕಪಾಟಿನಲ್ಲಿಯೇ ಬಿಟ್ಟೆ. ಕಲ್ಲಿಗೆ ಎಣ್ಣೆ ಸವರಿ ಮೂವತ್ತೈದು ನಿಮಿಷ ಕಾಯಲು ಬಿಟ್ಟು, ಒಂದು ಹನಿ ನೀರು ಚಿಮುಕಿಸಿ ನೋಡಿ, ಆಮೇಲೆ ಪನೀರು, ದೊಣ್ಣೆ ಮೆಣಸಿನಕಾಯಿ, ತೆಳುವಾಗಿ ಹೆಚ್ಚಿದ ಗೆಣಸನ್ನು ಇಟ್ಟೆವು. ಮಸಾಲೆಯನ್ನು ಮೊಸರಿನಲ್ಲಿ ಕಲಸಿದರೆ ಸೋರಿ ಕಲ್ಲಿನ ಮೇಲೆ ಸೀಯುತ್ತದೆ ಎಂಬುದನ್ನು ಮೊದಲ ತುಂಡಿನಲ್ಲಿಯೇ ಕಲಿತೆ, ಉಳಿದದ್ದಕ್ಕೆ ಉಪ್ಪು, ಮೆಣಸಿನ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಸವರಿದೆ. ಬೆಂದ ಮೇಲೆ ನಿಂಬೆಹಣ್ಣು ಹಿಂಡಿದೆವು. ಕಿಟಕಿಯನ್ನು ಒಂದು ಗೇಣು ತೆರೆದಿಟ್ಟಿದ್ದರಿಂದ ಚೀಸಿನ ವಾಸನೆ ಮಾರನೆಯ ದಿನಕ್ಕೆ ಹೋಗಿತ್ತು.

ಅತ್ತೆಯವರು ಮೊದಲ ಬಾಣಲೆಯನ್ನು ಬೇಗನೆ ಹೊರಗೆಳೆದರು, ಎರಡನೆಯದನ್ನು ಬಗ್ಗಿ ನೋಡುತ್ತಾ ಕುಳಿತರು. ಚೀಸ್ ಅಂಚಿನಿಂದ ಕರಗುತ್ತಾ ನಡುವೆ ಗುಳ್ಳೆಯೆದ್ದು, ಆ ಗುಳ್ಳೆಗಳ ನೆತ್ತಿ ಕಂದಾದಾಗ ಮರದ ಸೌಟಿನಿಂದ ಆಲೂಗಡ್ಡೆಯ ಮೇಲೆ ಎಳೆದುಕೊಂಡು, ಬಾಣಲೆಯ ಅಂಚಿಗೆ ಕಚ್ಚಿದ ಗರಿಗರಿ ಪದರವನ್ನೂ ಕೆರೆದು ತಿಂದರು. ತುಪ್ಪ ಕಾಯಿಸಿದಾಗ ಅಡಿಯಲ್ಲಿ ಉಳಿಯುವ ಗಸಿಯ ಹಾಗಿದೆ ಎಂದರು. ಆ ಪದರಕ್ಕೆ ಇಲ್ಲಿ ಬೇರೆಯೇ ಹೆಸರಿದೆಯೇ?

ಕಣಿವೆಯ ಹಾದಿ ಬರೆದದ್ದು:

ಇದೆ. ಗಾಲಿಯ ಸಿಪ್ಪೆಯ ಬಳಿ ಗರಿಗರಿಯಾಗಿ ಉಳಿಯುವ ತುಣುಕನ್ನೂ, ಫೊಂಡ್ಯೂ ಪಾತ್ರೆಯ ತಳದಲ್ಲಿ ಕಟ್ಟುವ ಹೊನ್ನಿನ ಬಣ್ಣದ ಪದರವನ್ನೂ ಇಲ್ಲಿ ರಿಲಿಜ್ಯೂಸ್ ಎನ್ನುತ್ತಾರೆ, ಸನ್ಯಾಸಿನಿ ಎಂದು ಆ ಪದದ ಅರ್ಥ. ನಮ್ಮ ಮನೆಯಲ್ಲಿ ಅದು ಯಾವಾಗಲೂ ಮೊದಲು ಮೇಜಿನಲ್ಲಿರುವ ಹಿರಿಯರಿಗೆ. ಮುಂದಿನ ಬಾರಿ ಫೊಂಡ್ಯೂ ಮಾಡಿದಾಗ ಕೊನೆಗೆ ಉರಿಯನ್ನು ಸಣ್ಣಗೆ ಇಟ್ಟು, ತಳ ಕಟ್ಟಿದ ಪದರವನ್ನು ಚಾಕುವಿನ ತುದಿಯಿಂದ ಇಡಿಯಾಗಿ ಎಬ್ಬಿಸಿ, ನಿಮ್ಮ ಅತ್ತೆಯವರ ತಟ್ಟೆಗೆ ಹಾಕಿ.